ನೀಲಿ ಡಬ್ಬಿ, ಕೆಂಪು ಡಬ್ಬಿ

ಏಪ್ರಿಲ್ ತಿಂಗಳು. ದೊಡ್ಡಿಗಳಲ್ಲಿ ಕುರಿಗಳ ಹಾಲು ಕರೆಯುವ ಸದ್ದು ಇನ್ನೂ ನಿಂತಿಲ್ಲ. ಸಾರ್ಡಿನಿಯಾ ದ್ವೀಪದ ಗುಡ್ಡದ ಮೇಲಿನ ಈ ಊರಿನಲ್ಲಿ ರೈಮೊಂಡ ಲೊದ್ದೊ ಆಗಲೇ ಮಿಮ್ಮಿಯಾಳ ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತಿದ್ದಾರೆ.

“ಮುಷ್ಟಿ ಬಿಗಿ ಹಿಡಿಯೇ. ಟಗರು ಹಿಡಿಯೋ ಕೈಯಾ ಇದು?”

“ನಿಮ್ಮ ಸೂಜಿ ಕಂಡ್ರೆ ಟಗರೂ ಓಡ್ತದೆ, ದೊಡ್ಡಮ್ಮ!”

ಐವತ್ತೊಂಬತ್ತರ ನರ್ಸ್ ರೈಮೊಂಡ ಮೂವತ್ತೊಂದು ವರ್ಷಗಳಿಂದ ಹನ್ನೊಂದು ಊರುಗಳ ರಕ್ತವನ್ನು ಕಾಲ್ಯಾರಿ ನಗರದ ಸಂಶೋಧನಾಲಯಕ್ಕೆ ಒಯ್ಯುತ್ತಿದ್ದಾರೆ. ತೆಗೆದ ನಾಲ್ಕು ತಾಸಿನೊಳಗೆ ರಕ್ತ ಅಲ್ಲಿಗೆ ಸೇರಬೇಕು. ದಾರಿಗೆ ಎರಡೂವರೆ ಗಂಟೆ ಸಾಕು. ಮಿಕ್ಕಿದ್ದನ್ನು ನುಂಗುವುದು ಅಡುಗೆಮನೆಗಳು. ಬರಿಗೈಲಿ ಯಾರನ್ನೂ ಕಳಿಸುವ ಊರಲ್ಲ ಇದು.

ಹೋದ ಬೇಸಿಗೆಯಲ್ಲಿ ಮಿಮ್ಮಿಯಾಳ ತಾಯಿ ಆಂಟಿಯೋಗ ರಕ್ತ ಒಯ್ಯುವ ಡಬ್ಬಿಯ ಮಂಜುಗಡ್ಡೆಯನ್ನು ಗುಟ್ಟಾಗಿ ಆಚೆ ತೆಗೆದು, ಆ ಜಾಗದಲ್ಲಿ ಹಸಿ ಚೀಸಿನ ಮುದ್ದೆ ಇಟ್ಟಿದ್ದರು. ಕಾಲ್ಯಾರಿಯಲ್ಲಿ ಮುಚ್ಚಳ ತೆರೆದ ಡಾಕ್ಟರಿಗೆ ಸಿಕ್ಕಿದ್ದು ಬಿಸಿಯಾದ ರಕ್ತ, ಸೊಗಸಾದ ಚೀಸು.

“ತಣ್ಣಗಿರೋ ಜಾಗ ಅಂತ ಇಟ್ಟೆ ಕಣಮ್ಮ,” ಆಂಟಿಯೋಗ ಇವತ್ತಿಗೂ ನಾಚುತ್ತಾರೆ.

“ಅವತ್ತಿಂದ ಎರಡು ಡಬ್ಬಿ,” ರೈಮೊಂಡ ನಗುತ್ತಾರೆ. “ನೀಲಿ ರಕ್ತಕ್ಕೆ, ಕೆಂಪು ಚೀಸಿಗೆ. ನೀಲಿದಕ್ಕೆ ಬೀಗ.”

ಇವತ್ತು ಬೀಗವನ್ನು ಎರಡು ಸಲ ಎಳೆದು ನೋಡುತ್ತಾರೆ. ಮಿಮ್ಮಿಯಾಳಿಗೆ ಹುಟ್ಟಿನಿಂದ ಥಲಸ್ಸೀಮಿಯಾ, ಮೈ ತನಗೆ ಬೇಕಾದಷ್ಟು ರಕ್ತ ಮಾಡಿಕೊಳ್ಳದ ಕಾಯಿಲೆ. ಇಪ್ಪತ್ತೊಂದು ವರ್ಷ, ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ. ಹೋದ ವರ್ಷ ಸಂಶೋಧಕರು ಅವಳದೇ ಮೂಳೆಮಜ್ಜೆಯ ಜೀವಕೋಶಗಳನ್ನು ತೆಗೆದು, ದೋಷ ತಿದ್ದಿ, ಮರಳಿ ಅವಳೊಳಗೆ ಬಿಟ್ಟರು. ಹೊರಗಿನ ರಕ್ತ ಮುಟ್ಟದೆ ಇಂದಿಗೆ ಹನ್ನೆರಡು ತಿಂಗಳು. ಹಿಮೋಗ್ಲೋಬಿನ್ ಒಂಬತ್ತಕ್ಕಿಂತ ಇಳಿದಿದ್ದರೆ ಮತ್ತೆ ಅದೇ ಬಾಟಲಿ.

ಅಷ್ಟು ವರ್ಷ ರಕ್ತ ಕೊಟ್ಟಿದ್ದು ಊರಿನ ಕುರುಬರೇ. ಬೆಂಕಿಯಲ್ಲೋ ರೋಗದಲ್ಲೋ ಒಬ್ಬನ ಮಂದೆ ಹೋದರೆ ಇಲ್ಲಿ ಮನೆಗೊಂದು ಕುರಿ ಕೊಟ್ಟು ಮಂದೆ ಕಟ್ಟಿಕೊಡುತ್ತಾರೆ. ಪರದೂರ ಎನ್ನುತ್ತಾರೆ ಅದಕ್ಕೆ. ರೈಮೊಂಡರ ಅಪ್ಪನ ಮಂದೆಯೂ ಒಮ್ಮೆ ಸುಟ್ಟುಹೋಗಿತ್ತು. “ನಾನು ಓದಿದ್ದು ಈ ಊರು ಕೊಟ್ಟ ಕುರಿಗಳ ಹಾಲಲ್ಲಿ,” ಎನ್ನುತ್ತ ಅವರು ಗಾಡಿ ಹೊರಡಿಸುತ್ತಾರೆ. ಮೂರು ಬಾಗಿಲಲ್ಲಿ ಕಾಫಿಗೆ ಕರೆ ಬರುತ್ತದೆ. ಮೂರಕ್ಕೂ ಗಾಡಿಯ ಹಾರ್ನೇ ಉತ್ತರ.

ಹತ್ತು ಗಂಟೆಗೆ ಕಾಲ್ಯಾರಿಯಲ್ಲಿ ನೀಲಿ ಡಬ್ಬಿ ಸಂಶೋಧನಾಲಯದ ಒಳಗೆ ಹೋಗುತ್ತದೆ. ರೈಮೊಂಡ ಅಂಗಳದ ಕಟ್ಟೆಯಲ್ಲಿ ಕೂತು ರೊಟ್ಟಿ ಮುರಿಯುತ್ತಾರೆ, ತಿನ್ನುವುದಿಲ್ಲ. ಹನ್ನೊಂದೂವರೆಗೆ ಡಾಕ್ಟರು ಕಿಟಕಿಯಿಂದಲೇ ಕೂಗುತ್ತಾರೆ: “ಹನ್ನೊಂದು ಪಾಯಿಂಟ್ ಎರಡು!”

ಫೋನಿನಲ್ಲಿ ತಾಯಿ ಮಗಳ ಅಳು ನಗು ಒಂದಾಗುತ್ತದೆ. ನಲವತ್ತು ಸಲ ರಕ್ತ ಕೊಟ್ಟ ಮುದುಕ ಬಾಕಿಸ್ ಕೂಡ ಅವರ ಮನೆಯಲ್ಲೇ ಇದ್ದಾರೆ.

“ಬಾಕಿಸಜ್ಜ, ನಿಮ್ಮ ಋಣ ಹೇಗೆ ತೀರಿಸ್ಲಿ? ನನ್ನ ರಕ್ತ ಯಾರಿಗೂ ಕೊಡೋ ಹಾಗಿಲ್ವಂತೆ,” ಮಿಮ್ಮಿಯಾ ಕೇಳುತ್ತಾಳೆ.

“ಪರದೂರಕ್ಕೆ ಕೊಟ್ಟ ಕುರೀನ ವಾಪಸ್ ಕೇಳಿದೋನ್ನ ನೋಡಿದ್ದೀಯೇನೇ, ತಲೆಹರಟೆ? ಅದು ತೀರಿಸೋ ಋಣ ಅಲ್ಲ. ನಡಿ, ಹಾಲು ಕಾಸು!”

ರೈಮೊಂಡ ಕಣ್ಣೊರೆಸಿಕೊಂಡು ರೊಟ್ಟಿಗೆ ಚೀಸು ಹಚ್ಚುತ್ತಾರೆ. ಇನ್ನು ನಿಮಗೇನು ಆಸೆ ಎಂದು ಡಾಕ್ಟರು ಕೇಳಿದರೆ ಗಾಡಿಯತ್ತ ನೋಡುತ್ತಾರೆ.

“ನೀಲಿ ಡಬ್ಬಿ ಕೆಲಸ ಇಲ್ದೆ ಧೂಳು ಹಿಡೀಬೇಕು. ಕೆಂಪುದು ಮಾತ್ರ ಹೀಗೇ ತುಂಬ್ತಾ ಇರ್ಲಿ.”