ಬಾಟಲಿಗೆ ಹಾಕಿದ ಕುಂಕುಮ

ನಮ್ಮತ್ತೆ ಮದುವೆಯಾಗಿ ಬರುವಾಗ ಯಮನೂರಿನ ತವರಿನಿಂದ ಮಧುನಾಶಿನಿ ಬಳ್ಳಿ ತಂದು ಕುಂದಗೋಳದ ನಮ್ಮ ಹೊಲದ ಬೇಲಿಗೆ ಹಬ್ಬಿಸಿದ್ದರು. ಅದರ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಉಸುಕು ತಿಂದ ಹಾಗಾಗುತ್ತಿತ್ತು. ಸಕ್ಕರೆ ಕಾಯಿಲೆಯವರು ಕೇಳಿ ಬಂದರೆ ಅತ್ತೆ ಮೊದಲು ಬಳ್ಳಿಯ ಬುಡಕ್ಕೆ ಕುಂಕುಮ ಹಾಕಿ, ಕೈಮುಗಿದು, ಆಮೇಲೆ ಎಲೆ ಹರಿಯುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅವರ ಪೂಜೆ ಮುಗಿಯಲೆಂದು ಕಾದು ಕಾದು ಸಿಡಿಮಿಡಿಗೊಳ್ಳುತ್ತಿದ್ದೆ.

ನಾನು ಹುಬ್ಬಳ್ಳಿ ರಸ್ತೆಯ ಸಣ್ಣ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದೇನೆ. ಔಷಧಿ ಗಿಡದ ಚೂರನ್ನು ಬಾಟಲಿಯಲ್ಲಿ ಬೆಳೆಸುತ್ತೇವೆ. ಎಲೆಯೂ ಬೇರೂ ಇಲ್ಲದ ಹಸಿರು ಮುದ್ದೆಯಿಂದಲೇ ಔಷಧದ ಸತ್ವ ತೆಗೆಯುತ್ತೇವೆ. ಅತ್ತೆಯ ಬಳ್ಳಿಯ ಕುಡಿಯನ್ನೂ ಒಯ್ದಿದ್ದೆ. ಕೆಲವು ಬಾಟಲಿಗಳಲ್ಲಿ ಮುದ್ದೆ ಬೆಳೆದಿತ್ತು, ಕೆಲವುಗಳಲ್ಲಿ ಪುಟ್ಟ ಸಸಿಗಳೇ ಎದ್ದಿದ್ದವು.

ಅಷ್ಟರಲ್ಲಿ ರಸ್ತೆ ಅಗಲ ಮಾಡುವ ಯಂತ್ರ ಬಂದು ನಮ್ಮ ಬೇಲಿಯನ್ನು ಬಳ್ಳಿಸಮೇತ ಕಿತ್ತುಹಾಕಿತು. ಅತ್ತೆ ಊಟ ಬಿಟ್ಟರು. ಸಮಾಧಾನವಾಗಲೆಂದು ಅವರನ್ನು ಪ್ರಯೋಗಾಲಯಕ್ಕೆ ಕರೆದೊಯ್ದೆ.

"ಇದು ನಿಮ್ಮ ಬಳ್ಳೀನ ರೀ. ಜೀವ ಐತಿ. ಬೇರು ಗಟ್ಟಿ ಆದ ಮ್ಯಾಲೆ ಮನೀಗೆ ತರ್ತೀನಿ," ಎಂದೆ.

ಅತ್ತೆ ಬಾಟಲಿಯನ್ನು ಕೂಸಿನ ಹಾಗೆ ಎತ್ತಿಕೊಂಡರು. ಫೋನ್ ಬಂತೆಂದು ನಾನು ಆಚೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವರು ಸೆರಗಿನ ಗಂಟು ಬಿಚ್ಚಿ, ತಮ್ಮ ಬಳ್ಳಿಯ ಬಾಟಲಿಗಳ ಮುಚ್ಚಳ ತೆಗೆದು, ಎಲ್ಲಕ್ಕೂ ಚಿಟಿಕೆ ಕುಂಕುಮ ಹಾಕಿ ಮುಗಿಸಿದ್ದರು.

"ಒಂದಕ್ಕ ಹಾಕಿ ಒಂದಕ್ಕ ಬಿಟ್ರ ಬ್ಯಾಸರ ಮಾಡ್ಕೋತಾವ," ಎಂದರು.

ಹೊರಗಿನ ಗಾಳಿ ಸೋಕಿದರೂ ಕೆಡುವಂಥವು ಅವು. ಬೈಯದೆ ಮುಚ್ಚಳಗಳನ್ನು ಒಂದೊಂದಾಗಿ ಮತ್ತೆ ಹಾಕಿದೆ. ಬೇಲಿ ಹೋದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅಂದೇ. ವಾರದೊಳಗೆ ಎಲ್ಲ ಬಾಟಲಿಗಳಿಗೂ ಬೂಷ್ಟು ಹಿಡಿಯಿತು. ಎಷ್ಟು ಒದ್ದಾಡಿದರೂ ಒಂದೂ ಉಳಿಯಲಿಲ್ಲ. ತೊಳೆದಿಡುವಾಗ ಅಳು ಬಂತು.

ಯಮನೂರಿನ ಮೂಲ ಬಳ್ಳಿ ಎಂದೋ ಒಣಗಿದೆ. ನರ್ಸರಿಯಿಂದ ಬೇರೆ ಮಧುನಾಶಿನಿ ತಂದು ನೆಡಬಹುದು. ಆದರೆ ಒಂದು ಎಲೆ ಅಗಿದರೆ ಸಾಕು, ತವರಿನದಲ್ಲವೆಂದು ಅತ್ತೆಗೆ ಗೊತ್ತಾಗುತ್ತದೆ. ಆಗ ತಮ್ಮ ಬಳ್ಳಿ ಏನಾಯಿತೆಂದು ಕೇಳುತ್ತಾರೆ. ಏನೆಂದು ಹೇಳಲಿ?

ಹಿತ್ತಿಲಲ್ಲಿ ಬಳ್ಳಿಗೆಂದು ಕುಣಿ ತೋಡಿಸಿದ್ದಾರೆ. ಎರಿಯ ಕರಿ ಮಣ್ಣು ಬಿರಿಯಬಾರದೆಂದು ದಿನಾ ಅದಕ್ಕೆ ನೀರು ಹಾಕುತ್ತಾರೆ. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ಕೇಳುತ್ತಾರೆ.

"ಬಳ್ಳಿ ಹೆಂಗೈತೆವಾ?"

"ಚೊಲೋ ಐತ್ರಿ."

"ಇರ್ತೈತಿ ತಗೊ. ಕುಂಕುಮ ಹಾಕಿ ಬಂದೀನಲ್ಲ."