ಅವ್ವನ ಸೀರೆ, ಕೆಂಚಿಯ ಹಾಲು

ನಮ್ಮಪ್ಪ ಮೂಡಲಗಿರಿಯಪ್ಪ ಹತ್ತು ದಿನ ಸೀರೆ ಉಟ್ಟಿದ್ದ ಎಂದರೆ ನಮ್ಮೂರು ಕಡಬದ ಹಳಬರು ಈಗಲೂ ಕಿಸಕ್ಕನೆ ನಗುತ್ತಾರೆ. ನಗಲಿ. ಅವರ ಮನೆಗಳಲ್ಲಿ ಆರು ತಿಂಗಳ ಕೂಸನ್ನು ಬಿಟ್ಟು ಯಾವ ತಾಯಿಯೂ ಸತ್ತಿರಲಿಲ್ಲ.

ಕೂಸು ನಾನೇ. ೧೯೫೫ರಲ್ಲಿ ಅವ್ವ ಚಿಕ್ಕಗಂಗಮ್ಮ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಕೊಟ್ಟಿಗೆಯಲ್ಲಿ ಕೆಂಚಿ ಅಂತ ಒಂದು ಹಸು ಇತ್ತು. ಅದರ ಕರು ಹುಟ್ಟಿದ ವಾರಕ್ಕೇ ಸತ್ತಿತ್ತು. ಅಂದಿನಿಂದ ಅದು ಹಾಲು ಕೊಡುತ್ತಿದ್ದುದು ಅವ್ವನ ಕೈಗೆ ಮಾತ್ರ. ಬೇರೆಯವರು ಕೆಚ್ಚಲು ಮುಟ್ಟಿದರೆ ಒದೆತವೇ.

ಇಂಥ ಹಸುಗಳಿಗೆ ನಮ್ಮ ಕಡೆ ಒಂದು ಉಪಾಯವಿದೆ. ಹಾಲು ಕರೆಯುವವಳು ಊರಲ್ಲಿಲ್ಲದಿದ್ದರೆ ಗಂಡಸೇ ಅವಳ ಸೀರೆ ಸುತ್ತಿಕೊಂಡು ಹೋಗಿ ಕೂರುವುದು. ಗೂಟಕ್ಕೆ ನೇತುಹಾಕಿದ್ದ ಅವ್ವನ ಮಾಸಿದ ಸೀರೆಯನ್ನು ಅಪ್ಪ ಸುತ್ತಿಕೊಂಡ, ತಲೆಯ ಮೇಲೆ ಸೆರಗು ಹೊದ್ದ. ಕೆಂಚಿ ಮೂಸಿತು, ಸೆರಗು ನೆಕ್ಕಿತು, ಹಾಲು ಕೊಟ್ಟಿತು. ನನ್ನ ಹೊಟ್ಟೆ ತುಂಬಿತು.

ಹನ್ನೊಂದನೇ ದಿನ ತಿಥಿ. ಸೂತಕ ಕಳೆಯಬೇಕಲ್ಲ, ಅಪ್ಪನ ಅಕ್ಕ ಹನುಮಂತಮ್ಮತ್ತೆ ಮನೆಯ ಬಟ್ಟೆಯನ್ನೆಲ್ಲ ಕೆರೆಗೆ ಹೊತ್ತಳು. ಆ ಸೀರೆಯನ್ನೂ ಚಬಕಾರ ಹಾಕಿ ನೊರೆ ಬರುವಂತೆ ಚೆನ್ನಾಗಿ ಒಗೆದಳು. ಸಂಜೆ ಅಪ್ಪ ಅದನ್ನೇ ಸುತ್ತಿಕೊಂಡು ಹೋದ. ಕೆಂಚಿ ಮೂಸಿ, ಮುಖ ತಿರುಗಿಸಿ ಒದ್ದ ಒದೆತಕ್ಕೆ ಚೊಂಬು ಗೋಡೆಗೆ ಬಡಿಯಿತು. ಒಳಗೆ ನಾನು ಹಸಿವಿಗೆ ಕಿರುಚುತ್ತಿದ್ದೆನಂತೆ. ಅಪ್ಪ ಬಾರುಕೋಲು ತೆಗೆದು ಬಾಸುಂಡೆ ಬರುವಂತೆ ಬಾರಿಸಿದ. ಆದರೂ ಹಾಲಿಲ್ಲ. ಕೊನೆಗೆ ಕೋಲು ಬಿಸಾಡಿ, ಅದರ ಕೊರಳು ತಬ್ಬಿಕೊಂಡು ಗೊಳೋ ಎಂದು ಅತ್ತ. ಹೆಂಡತಿ ಸತ್ತ ದಿನ ಒಂದು ಹನಿ ಕಣ್ಣೀರು ಹಾಕದಿದ್ದವನು!

"ಅವಳು ಹೋದ ದುಃಖ ನನಗೊಬ್ಬನಿಗೇ ಅಂದ್ಕಂಡಿದ್ದೆ ಕಣಕ್ಕ. ಇದಕ್ಕೂ ಐತೆ," ಅಂದನಂತೆ.

ನಾನು ನೆರೆಮನೆಯ ಹಾಲು, ರಾಗಿ ಸರಿ ಕುಡಿದು ಬದುಕಿದೆ. ಕೆಂಚಿಯ ಕೆಚ್ಚಲು ಬತ್ತಿತು, ಮತ್ತೆ ಗಬ್ಬವೂ ಕಟ್ಟಲಿಲ್ಲ. ಗೊಡ್ಡು ಹಸು ಯಾಕೆ, ಕೊಟ್ಟುಬುಡು ಎಂದು ಊರೆಲ್ಲ ಹೇಳಿತು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿಗಾಗಿ ಕೊರಗಿದ ಜೀವ ಎಂದು ಹದಿಮೂರು ವರ್ಷ ಕಳೆದರೂ ಹುಲ್ಲು ಹಾಕುತ್ತಲೇ ಇದ್ದ.

ಆ ಹೊತ್ತಿಗೆ ನಾನು ಗುಬ್ಬಿಯ ಹೈಸ್ಕೂಲು ಸೇರಿದ್ದೆ. ಪ್ರಾಣಿಗಳ ನಿಷ್ಠೆಯೆಲ್ಲ ಸಹಜ ಪ್ರವೃತ್ತಿ, ಅದರಲ್ಲಿ ಪ್ರೀತಿ ದುಃಖ ಏನೂ ಇಲ್ಲ ಎಂದು ವಿಜ್ಞಾನದ ಮೇಷ್ಟ್ರು ಪಾಠ ಮಾಡಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಮನೆಗೆ ಬಂದವಳೇ ಚೀಲ ಇಳಿಸುವ ಮೊದಲೇ ಒದರಿದೆ:

"ಅಪ್ಪಾ, ಕೆಂಚಿಗೆ ದುಃಖ ಗಿಃಖ ಏನೂ ಇರ್ಲಿಲ್ಲ. ಬರೀ ವಾಸ್ನೆ. ಅತ್ತೆ ಸೀರೆ ಒಗೀದೇ ಇದ್ದಿದ್ರೆ ಯಾರು ಉಟ್ಕಂಡ್ ಹೋಗಿದ್ರೂ ಹಾಲು ಕೊಡ್ತಿತ್ತು!"

ಹುಲ್ಲು ಹಾಕುತ್ತಿದ್ದ ಅಪ್ಪ ಕೈಯಲ್ಲಿದ್ದುದನ್ನು ಕೆಂಚಿಯ ಮುಂದಿಟ್ಟು ಅದರ ಬೆನ್ನು ಸವರಿದ. ಹೇಳಬಾರದಿತ್ತು ಅನ್ನಿಸಿತು ನನಗೆ.

"ಇರ್ಬೋದು ಕಣವ್ವ. ಓದ್ದೋರು ಹೇಳ್ತಾರೆ ಅಂದ್ಮೇಲೆ," ಎಂದು ಒಳಗೆ ಹೋಗಿ ದಿಂಬಿನಡಿಯಿಂದ ಆ ಸೀರೆ ತಂದ. ಬಣ್ಣ ಹೋಗಿ ಚಿಂದಿಯಾಗಿತ್ತು. "ಇದ್ರಾಗಿನ ವಾಸ್ನೆ ಹೋಗಿ ಹದಿಮೂರು ವರ್ಸ ಆಯ್ತು. ಇದಿಲ್ದೆ ಇವತ್ತಿಗೂ ನಂಗೆ ನಿದ್ದೆ ಹತ್ತಲ್ಲ. ಇದು ಯಾವ್ದು, ವಾಸ್ನೆನೋ ದುಃಖನೋ ಅಂತ ನಿಮ್ ಮೇಷ್ಟ್ರನ್ನ ಒಸಿ ಕೇಳ್ಕಂಡ್ ಬಾ."

ನಾನು ಕೇಳಲಿಲ್ಲ. ಪರೀಕ್ಷೆಯಲ್ಲಿ ಪ್ರಾಣಿಗಳ ನಿಷ್ಠೆಯ ಬಗ್ಗೆಯೇ ಪ್ರಶ್ನೆ ಬಂತು. ಸಹಜ ಪ್ರವೃತ್ತಿ ಎಂದು ಬರೆದೆ, ಪೂರ್ತಿ ಅಂಕ ಬಂತು. ತೋರಿಸಿದ್ದರೆ, ಅದು ಯಾವ ಉತ್ತರಕ್ಕೆ ಬಂತೆಂದು ಓದಲು ಬಾರದ ಅಪ್ಪ ಆ ಅಂಕ ನೋಡಿ ಹಿಗ್ಗುತ್ತಿದ್ದ. ಅದಕ್ಕೇ ಅವನಿಗೆ ತೋರಿಸಲಿಲ್ಲ.