ದನಿ ಹೋದ ಮೇಲೆ ಅಬ್ಬಾ

ಯಾವುದಾದರೂ ಸಭೆಯಲ್ಲಿ ಯಾರಾದರೂ ಮೈಕನ್ನು ಬೆರಳಿನಿಂದ ತಟ್ಟಿ, ಕೆಮ್ಮಿ ಗಂಟಲು ಸರಿಮಾಡಿಕೊಂಡರೆ ಸಾಕು, ನಾನು ಕೂತಲ್ಲಿಂದಲೇ ಮೋಟೆಬೆನ್ನೂರಿನ ನಮ್ಮ ಮನೆಗೆ ಹೋಗಿಬಿಡುತ್ತೇನೆ. ಕೌದಿಯೊಳಗಿನ ಬಿಸಿ, ಅಮ್ಮಿ ಆಗಷ್ಟೇ ಹೊತ್ತಿಸಿದ ಒಲೆಯ ಹೊಗೆ, ಮಸೀದಿಯ ಕಡೆಯಿಂದ ಅಂಥದೇ ಒಂದು ತಟ್ಟಿದ ಸದ್ದು. ಅದರ ಬೆನ್ನಿಗೇ ಅಬ್ಬಾನ ಬಾಂಗು. ಹಗಲೆಲ್ಲ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊಲಿದು, ಮೈತುಂಬ ಕೆಂಪು ಧೂಳು ಹೊತ್ತು ಬರುತ್ತಿದ್ದ ಮನುಷ್ಯನಿಗೆ ಅಷ್ಟು ತಿಳಿಯಾದ ದನಿ ಎಲ್ಲಿಂದ ಬರುತ್ತಿತ್ತೋ. ನೀವೂ ಚಿಕ್ಕವರಿದ್ದಾಗ ಯಾರದೋ ದನಿಗೆ ಎಚ್ಚರಗೊಂಡವರಾದರೆ, ಅದು ನಿಂತ ಮನೆ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ.

ನಾನು ಐದನೇ ಇಯತ್ತೆಯಲ್ಲಿದ್ದಾಗ ಆ ದನಿ ಒಡೆಯತೊಡಗಿತು. ಹುಬ್ಬಳ್ಳಿಯ ಡಾಕ್ಟರು, ಗಂಟಲಲ್ಲಿ ಗಂಟಿದೆ, ಜೀವ ಉಳಿಯಬೇಕಾದರೆ ದನಿಪೆಟ್ಟಿಗೆ ತೆಗೆಯಲೇಬೇಕು ಎಂದರು. ನಮ್ಮ ಮನೆಯೊಳಗೆ ಉರ್ದು ನಡೆಯುತ್ತಿತ್ತು; ಆದರೆ ಅಮ್ಮಿಗೆ ಸಿಟ್ಟು ಬಂದರೆ ಕನ್ನಡವೇ ಬರುತ್ತಿತ್ತು. ಆ ದಿನವೂ ಬಂತು.

"ಇಷ್ಟ ವರ್ಷ ಅವನ ಹೆಸರು ಕೂಗಿದ ಗಂಟಲಾನ ಕಸಗೊಳ್ಳಾಕತ್ತಾನ. ಅವನ ಮಾತು ಇನ್ನ ಹ್ಯಾಂಗ ನಂಬಲಿ?"

ಅಬ್ಬಾ ಒಡೆದ ದನಿಯಲ್ಲೇ ನಕ್ಕರು. "ಗಂಟಲಾ ಉಳಸ್ತೇನಿ ಅಂತ ಅಂವ ಯಾವಾಗ ಹೇಳಿದ್ದ? ಕಷ್ಟದಾಗ ಕೈ ಬಿಡಂಗಿಲ್ಲ ಅಂದಾನ. ಅಷ್ಟ ಸಾಕು ನನಗ."

ನನ್ನ ನೆನಪಿನಲ್ಲಿ ಅವರು ಪೂರ್ತಿ ಆಡಿದ ಕಡೆಯ ಮಾತು ಅದೇ. ಆಪರೇಷನ್ ಆಗಿ ಮನೆಗೆ ಬಂದಾಗ ಕೊರಳ ತೂತಿನ ಮೇಲೆ ಬಿಳಿ ಅರಿವೆ ಕಟ್ಟಿತ್ತು. ಉಸಿರಾಡಿದಾಗಲೆಲ್ಲ ಅದು ಸಣ್ಣಗೆ ಉಬ್ಬಿ ಇಳಿಯುತ್ತಿತ್ತು. ಅಮ್ಮಿ ನಮಾಜು ಬಿಟ್ಟಳು. ಗಂಜಿ ಮಾಡಿದಳು, ಗಾಯ ತೊಳೆದಳು, ಅರಿವೆ ಒಗೆದು ಒಣಹಾಕಿದಳು. ದೇವರ ಹೆಸರು ಮಾತ್ರ ಎತ್ತಲಿಲ್ಲ. ಅಬ್ಬಾ ಒತ್ತಾಯ ಮಾಡಲಿಲ್ಲ. ನಸುಕಿನಲ್ಲಿ ಎದ್ದು ಮಸೀದಿಗೆ ಹೋಗಿ, ಈಗ ಬಾಂಗು ಕೊಡುತ್ತಿದ್ದ ಹೊಸಬನ ಹಿಂದೆ ನಿಂತು ಬರೀ ತುಟಿ ಆಡಿಸುತ್ತಿದ್ದರಂತೆ. ಅದನ್ನು ಕೇಳಿ ಅಮ್ಮಿ, "ಯಾರಿಗೆ ಕೇಳಸ್ತೈತಿ ಅದು?" ಎಂದಳು. ಅಬ್ಬಾ ಬೆರಳೆತ್ತಿ ಮೇಲೆ ತೋರಿಸಿದರು. ಅವಳು ಮುಖ ತಿರುಗಿಸಿಕೊಂಡಳು.

ಮುಂದಿನ ಮಳೆಗಾಲಕ್ಕೆ ರೋಗ ಮತ್ತೆ ಕೆರಳಿತು. ಈ ಸಲ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ರಾಣೇಬೆನ್ನೂರಿನಿಂದ ಬಂದಿದ್ದ ಮಾಮು, ಅಮ್ಮಿಯ ಅಣ್ಣ, ಒಂದು ಮಧ್ಯಾಹ್ನ ಔಷಧಿಗೆಂದು ಬ್ಯಾಡಗಿಗೆ ಹೋಗಿದ್ದರು. ಅಬ್ಬಾನ ಹತ್ತಿರ ಅಮ್ಮಿ, ನಾನು ಇಬ್ಬರೇ. ಅಬ್ಬಾನ ಉಸಿರು ಕೊರಳಲ್ಲಿ ಗೊರಗೊರ ಎನ್ನತೊಡಗಿತು. ಸಾಯುವವರು ದೇವರೊಬ್ಬನೇ ಎಂದು ಸಾರುವ ಕಲಿಮಾ ಹೇಳಿಕೊಂಡು ಹೋಗಬೇಕು. ಅವರ ತುಟಿಗಳು ಅದಕ್ಕಾಗಿ ಒದ್ದಾಡುತ್ತಿದ್ದವು. ಕಣ್ಣು ಅಮ್ಮಿಯ ಮೇಲಿತ್ತು. ಅವಳು ಅವರ ಕೊರಳ ಅರಿವೆಯನ್ನು ಒಮ್ಮೆ ಸರಿಮಾಡಿದಳು. ಆಮೇಲೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ಬಾಗಿ, ಅವರ ಕಿವಿಯಲ್ಲಿ ತಾನೇ ಹೇಳಿದಳು. ಅಬ್ಬಾನ ತೋರುಬೆರಳು ಹಾಸಿಗೆಯಿಂದ ಮೇಲೆದ್ದಿತು. ಅವಳು ಮತ್ತೆ ಹೇಳಿದಳು. ಬೆರಳು ಬಿದ್ದ ಮೇಲೂ ಹೇಳುತ್ತಲೇ ಇದ್ದಳು. ಮಾಮು ಬಂದು ಭುಜ ಹಿಡಿದಾಗಲೇ ನಿಲ್ಲಿಸಿದ್ದು.

ಎಷ್ಟೋ ವರ್ಷಗಳ ನಂತರ, ನನ್ನ ಮದುವೆಯಾಗಿ ಹಾವೇರಿಗೆ ಬಂದ ಮೇಲೆ, ಧೈರ್ಯ ಮಾಡಿ ಕೇಳಿದೆ: "ಅಮ್ಮಿ, ಆವತ್ತ ನಿನಗ ನಂಬಿಕಿ ಬಂತೇನ?"

"ನನಗೆಲ್ಲಿ ಬಂತು," ಎಂದಳು. "ಅವರದು ಅರ್ಧಕ್ಕ ನಿಲ್ಲಬಾರ್ದಂತ ಹೇಳಿದೆ. ಹೇಳ್ತಾ ಹೇಳ್ತಾ, ನಾ ಒಬ್ಬಾಕೀನ ಇಲ್ಲ ಅನಸ್ತು ನೋಡು. ಅಷ್ಟ." ಮತ್ತೆ ಸೇರಿಸಿದಳು, "ಅಷ್ಟ ಸಾಕಾತು."

ಈಗ ಅಮ್ಮಿಯೂ ಇಲ್ಲ. ಹೆದ್ದಾರಿ ಅಗಲ ಮಾಡುವಾಗ ಮನೆ ಹೋಯಿತು. ಅವಳು ರೊಟ್ಟಿ ಬಡಿಯುತ್ತಿದ್ದ ಜಾಗದ ಮೇಲೆ ಲಾರಿಗಳು ಓಡುತ್ತವೆ. ರಾಣೇಬೆನ್ನೂರಿಗೆ ಹೋಗುವಾಗ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಕಿಟಕಿಯಾಚೆ ಬೇವಿನ ಮರಗಳ ನಡುವಿನ ಖಬರಸ್ತಾನ ಒಂದು ಕ್ಷಣ ಕಂಡು ಹಿಂದೆ ಸರಿಯುತ್ತದೆ. ಒಳಗೆ ಇಬ್ಬರೂ ಅಕ್ಕಪಕ್ಕ ಮಲಗಿದ್ದಾರೆ, ಒಬ್ಬರು ಎಂದೂ ಅನುಮಾನ ಪಡದವರು, ಇನ್ನೊಬ್ಬಳು ಅನುಮಾನದೊಳಗಿಂದಲೇ ಹಾದು ಹೋದವಳು. ಮಣ್ಣು ಇಬ್ಬರಿಗೂ ಒಂದೇ.